ಶಿಫ್ಟ್ ಬದಲಾದಾಗ ಟೀಮ್ ಉಳಿಸಿಕೊಳ್ಳುವುದು ಹೇಗೆ: ಲೈನ್ ಸೂಪರ್‌ವೈಸರ್‌ಗಳಿಗೆ ಹಂತ ಹಂತದ ಮಾರ್ಗದರ್ಶಿ

ನರಸಾಪುರ, ವೇಮಗಲ್, ಮಾಲೂರು, ವಸಂತನರಸಾಪುರ, ಗೌರಿಬಿದನೂರು. ಯಾವ ಕೈಗಾರಿಕಾ ಪ್ರದೇಶ ನೋಡಿದರೂ ಸೂಪರ್‌ವೈಸರ್‌ಗಳು ಎಡವುವುದು ಒಂದೇ ಜಾಗದಲ್ಲಿ. ಶನಿವಾರ ಸಂಜೆ ನೋಟಿಸ್ ಬೋರ್ಡಿಗೆ ಹಾಳೆ ಅಂಟಿಸುತ್ತಾರೆ, ಸೋಮವಾರ ಹೊಸ ಶಿಫ್ಟ್ ಶುರು. ಮೊದಲ ವಾರ ಎಲ್ಲ ಸರಿಯಾಗಿ ಕಾಣುತ್ತದೆ. ಮೂರನೇ ವಾರಕ್ಕೆ ಗೈರುಹಾಜರಿ ಏರುತ್ತದೆ, ರಿಜೆಕ್ಷನ್ (ತಪಾಸಣೆಯಲ್ಲಿ ತಿರಸ್ಕೃತವಾಗುವ ಪೀಸ್‌ಗಳು) ಏರುತ್ತದೆ, ಕೈ ಪಳಗಿದ ಇಬ್ಬರು ಆಪರೇಟರ್‌ಗಳು ಸಂಬಳ ಬಿದ್ದ ಮರುದಿನದಿಂದ ಬರುವುದೇ ಇಲ್ಲ. ಆಗ ‘ನಮ್ಮ ಜನ ಹೊಂದಿಕೊಳ್ಳಲ್ಲ’ ಎಂದು ಹೇಳಿ ಕೈತೊಳೆದುಕೊಳ್ಳುತ್ತಾರೆ. ಹೆಚ್ಚಿನ ಸಲ ತಪ್ಪಿರುವುದು ಕೆಲಸದ ಕ್ರಮ. ಮೊದಲು ಮಾಡಬೇಕಿದ್ದ ಲೆಕ್ಕವನ್ನು ಕೊನೆಗೆ ಮಾಡಿರುತ್ತಾರೆ, ಇಲ್ಲವೇ ಮಾಡಿಯೇ ಇರುವುದಿಲ್ಲ.

ಈ ಮಾರ್ಗದರ್ಶಿ ಲೈನ್ ಲೀಡರ್, ಸೂಪರ್‌ವೈಸರ್, ಶಿಫ್ಟ್ ಇನ್‌ಚಾರ್ಜ್‌ಗಳಿಗಾಗಿ. 18 ಜನರ ಒಂದು ಟೀಮನ್ನು ಬೆಳಗ್ಗೆ 9ರಿಂದ ಸಂಜೆ 5.30ರ ಜನರಲ್ ಶಿಫ್ಟಿನಿಂದ ಮೂರು ಪಾಳಿಗೆ (6ರಿಂದ 2, 2ರಿಂದ 10, 10ರಿಂದ 6) ಬದಲಿಸುವುದನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ. ಎರಡು ಲೈನ್ ಒಂದಾಗುವಾಗ, ಹೊಸ ಮೆಶಿನ್ ಬಂದಾಗ, ಕಾಂಟ್ರಾಕ್ಟರ್ ಬದಲಾದಾಗ, ಪಂಚಿಂಗ್ ಕಾರ್ಡ್ ಹೋಗಿ ಮೊಬೈಲ್ ಹಾಜರಾತಿ ಬಂದಾಗಲೂ ಹಂತಗಳು ಇವೇ.

## ಶುರು ಮಾಡುವ ಮುಂಚೆ ಕೈಯಲ್ಲಿ ಇರಬೇಕಾದದ್ದು

ಒಂದು ಉದ್ದನೆಯ ನೋಟ್‌ಬುಕ್, ಟೀಮಿನ ಒಬ್ಬೊಬ್ಬರಿಗೂ ಎರಡೆರಡು ಪುಟ. ಕಂಪ್ಯೂಟರ್ ಫೈಲ್ ಬೇಡ, ಅದು ಯಾರಿಗಾದರೂ ಫಾರ್ವರ್ಡ್ ಆಗುತ್ತದೆ. ಕಳೆದ ಮೂರು ತಿಂಗಳ ಹಾಜರಾತಿ, ರಿಜೆಕ್ಷನ್ ಮತ್ತು ಓಟಿ (ಓವರ್‌ಟೈಮ್, ಹೆಚ್ಚುವರಿ ಗಂಟೆಯ ಕೆಲಸ) ವಿವರಗಳ ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಬದಲಾವಣೆ ಆದ ಮೇಲೆ ಏನು ಕೆಟ್ಟಿತು ಎಂದು ತಿಳಿಯಲು ಹಳೆಯ ಅಂಕಿ ಬೇಕು. ಕಂಪನಿ ಬಸ್ಸಿನ ರೂಟ್ ಪಟ್ಟಿ, ಕೊನೆಯ ಸ್ಟಾಪಿನ ಸಮಯದ ಜೊತೆಗೆ. ಮುಂದಿನ ಮೂರು ತಿಂಗಳ ಕ್ಯಾಲೆಂಡರ್, ಅದರಲ್ಲಿ ಟೀಮಿನವರ ಊರ ಜಾತ್ರೆ, ಹಬ್ಬ, ಸುಗ್ಗಿಯ ವಾರಗಳ ಗುರುತು. ಬಾಗಿಲು ಹಾಕಿಕೊಂಡು ಮಾತಾಡಬಹುದಾದ ಒಂದು ಜಾಗ, ಸ್ಟೋರ್ ಪಕ್ಕದ ಕೋಣೆಯಾದರೂ ಆದೀತು.

ಸಮಯದ ವಿಷಯದಲ್ಲಿ ಮೊದಲೇ ಗಟ್ಟಿಯಾಗಿ ನಿಲ್ಲಿ. ಹೇಳುವ ದಿನದಿಂದ ಶುರುವಾಗುವ ದಿನದವರೆಗೆ ಮೂರು ವಾರ, ಶುರುವಾದ ಮೇಲೆ ಕನಿಷ್ಠ ಎರಡು ಸಂಬಳದ ಚಕ್ರ. ಇದಕ್ಕಿಂತ ಕಡಿಮೆ ಸಮಯದಲ್ಲಿ ಮಾಡಿ ಎಂದರೆ ಯಾವ ಹಂತ ಬಿಟ್ಟುಹೋಗುತ್ತದೆ ಎಂಬುದನ್ನು ಮ್ಯಾನೇಜರ್‌ಗೆ ಬರೆದು ತಿಳಿಸಿ.

## ಹಂತ 1: ಮೇಲಿನವರಿಂದ ಬರವಣಿಗೆಯಲ್ಲಿ ಉತ್ತರ ತನ್ನಿ

ಟೀಮಿನ ಮುಂದೆ ನಿಂತಾಗ ಸೂಪರ್‌ವೈಸರ್ ಮಾನ ಕಳೆದುಕೊಳ್ಳುವುದು ಮೊದಲ ಐದು ಪ್ರಶ್ನೆಗಳಲ್ಲಿ. ಅವು ಯಾವುವೆಂದು ಮೊದಲೇ ಗೊತ್ತಿರುತ್ತದೆ. ಯಾವ ತಾರೀಖಿನಿಂದ? ಎಷ್ಟು ದಿನಕ್ಕೊಮ್ಮೆ ಪಾಳಿ ತಿರುಗುತ್ತದೆ? ರಾತ್ರಿ ಪಾಳಿಗೆ ಭತ್ಯೆ ಎಷ್ಟು? ಓಟಿ ಇರುತ್ತದೋ ಇಲ್ಲವೋ? ಬಸ್ ಎಲ್ಲಿಯವರೆಗೆ ಬರುತ್ತದೆ? ಇವುಗಳ ಜೊತೆಗೆ ಇನ್ನೂ ಮೂರನ್ನು ಕೇಳಿಟ್ಟುಕೊಳ್ಳಿ: ರಾತ್ರಿ ಕ್ಯಾಂಟೀನ್ ತೆರೆದಿರುತ್ತದೆಯೇ, ಯಾರನ್ನಾದರೂ ಕೆಲಸದಿಂದ ತೆಗೆಯುತ್ತಾರೆಯೇ, ಕಾಂಟ್ರಾಕ್ಟ್ ಮೇಲಿರುವವರಿಗೂ ಇವೆಲ್ಲ ಅನ್ವಯಿಸುತ್ತವೆಯೇ.

ಬಂದ ಉತ್ತರಗಳನ್ನು ಮೂರು ಕಾಲಂ ಮಾಡಿ ಬರೆಯಿರಿ. ‘ತೀರ್ಮಾನ ಆಗಿದೆ’, ‘ಇನ್ನೂ ಆಗಿಲ್ಲ, ಇಂಥ ದಿನ ತಿಳಿಯುತ್ತದೆ’, ‘ನಮ್ಮ ಕೈಲಿದೆ’. ಮೂರನೇ ಕಾಲಂ ಖಾಲಿ ಇದ್ದರೆ ಮ್ಯಾನೇಜರ್ ಹತ್ತಿರ ವಾಪಸ್ ಹೋಗಿ. ಯಾರು ಯಾವ ಗುಂಪಿನಲ್ಲಿ, ವಾರದ ರಜೆ ಯಾವ ದಿನ, ಟೀ ಬಿಡುವು ಎಷ್ಟೊತ್ತಿಗೆ ಎಂಬ ಮೂರಾದರೂ ಟೀಮಿನ ತೀರ್ಮಾನಕ್ಕೆ ಬಿಟ್ಟಿರಬೇಕು. ಏಕೆಂಬುದು ಐದನೇ ಹಂತದಲ್ಲಿ ಬರುತ್ತದೆ.

ಕಾನೂನಿನ ಕಡೆಯೂ ಒಮ್ಮೆ ನೋಡಿ. ಕೆಲಸದ ಗಂಟೆ, ಬಿಡುವಿನ ಸಮಯ, ಪಾಳಿ ಪದ್ಧತಿಯಂಥ ವಿಷಯ ಬದಲಿಸುವಾಗ 21 ದಿನ ಮುಂಚೆ ನೋಟಿಸ್ ಕೊಡಬೇಕೆಂಬ ನಿಯಮ 1947ರ ಕೈಗಾರಿಕಾ ವಿವಾದ ಕಾಯ್ದೆಯ 9ಎ ಕಲಮಿನಲ್ಲಿತ್ತು. 2020ರ ಕೈಗಾರಿಕಾ ಸಂಬಂಧ ಸಂಹಿತೆಯ 40ನೇ ಕಲಮೂ ಅದೇ 21 ದಿನವನ್ನು ಇಟ್ಟುಕೊಂಡಿದೆ. ಸ್ಥಾಯಿ ಆದೇಶಗಳಲ್ಲಿ (ಕಾರ್ಖಾನೆಯ ಲಿಖಿತ ಸೇವಾ ನಿಯಮಗಳಲ್ಲಿ) ಪಾಳಿ ಬದಲಾವಣೆಗೆ ಬೇರೆ ವ್ಯವಸ್ಥೆ ಇದ್ದರೆ ಎಚ್‌ಆರ್ ಅದನ್ನು ತೋರಿಸಲಿ. ವಾರಕ್ಕೆ 48 ಗಂಟೆಯ ಮಿತಿ, ಓಟಿಗೆ ದುಪ್ಪಟ್ಟು ದರ, ಮಹಿಳೆಯರನ್ನು ಸಂಜೆ 7ರಿಂದ ಬೆಳಗ್ಗೆ 6ರ ನಡುವೆ ಕೆಲಸಕ್ಕೆ ಹಾಕುವಾಗ ಅವರ ಒಪ್ಪಿಗೆ ಮತ್ತು ಸುರಕ್ಷತೆಯ ವ್ಯವಸ್ಥೆ, ಇವನ್ನು ಸೂಪರ್‌ವೈಸರ್ ಬಾಯಿಪಾಠ ಮಾಡಿಕೊಂಡಿರಬೇಕು. ‘ಅದೆಲ್ಲ ಎಚ್‌ಆರ್ ನೋಡ್ಕೊಳ್ತಾರೆ’ ಎಂದರೆ ಕೇಳಿದವರಿಗೆ ನಿಮ್ಮ ಮೇಲಿನ ನಂಬಿಕೆ ಅಲ್ಲೇ ಮುಗಿಯಿತು.

## ಹಂತ 2: ನಷ್ಟದ ಲೆಕ್ಕ ಬರೆಯಿರಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಹೆಚ್ಚಿನ ತೊಂದರೆ ಹುಟ್ಟುವುದೂ ಇದನ್ನು ಬಿಟ್ಟಿದ್ದರಿಂದ. ಜನ ಹೆದರುವುದು ಬದಲಾವಣೆ ಎಂಬ ಪದಕ್ಕಲ್ಲ. ತಮ್ಮ ಕೈಯಿಂದ ಜಾರಿಹೋಗುವ ಒಂದು ನಿರ್ದಿಷ್ಟ ವಸ್ತುವಿಗೆ. ಆ ವಸ್ತು ಯಾವುದು ಎಂದು ನಿಮಗೆ ಗೊತ್ತಿಲ್ಲದಿದ್ದರೆ ನೀವು ಕೊಡುವ ಸಮಾಧಾನವೆಲ್ಲ ಗಾಳಿಗೆ ಹೋಗುತ್ತದೆ. ಆದ್ದರಿಂದ ಯಾರಿಗೂ ಏನೂ ಹೇಳುವ ಮುಂಚೆ, ನಿಮಗೆ ಈಗಾಗಲೇ ಗೊತ್ತಿರುವಷ್ಟನ್ನು ಒಬ್ಬೊಬ್ಬರ ಪುಟದಲ್ಲಿ ನಾಲ್ಕು ತಲೆಬರಹದಡಿ ಬರೆದುಕೊಳ್ಳಿ.

ದುಡ್ಡು. ಕೂಡಿ ಕಳೆದು ಅಂಕಿಯನ್ನೇ ಬರೆಯಿರಿ. ಉದಾಹರಣೆಗೆ ತಿಂಗಳ ವೇತನ 15,600 ರೂಪಾಯಿ, 26 ದಿನ. ದಿನಕ್ಕೆ 600, ಗಂಟೆಗೆ 75, ಓಟಿ ಗಂಟೆಗೆ 150. ಈಗ ತಿಂಗಳಿಗೆ 24 ಗಂಟೆ ಓಟಿ ಮಾಡುತ್ತಿದ್ದರೆ 3,600 ರೂಪಾಯಿ. ಮೂರು ಪಾಳಿ ಬಂದರೆ ಓಟಿ ನಿಲ್ಲುತ್ತದೆ. ರಾತ್ರಿ ಭತ್ಯೆ ದಿನಕ್ಕೆ 60 ರೂಪಾಯಿ, ತಿಂಗಳಿಗೆ 8 ರಾತ್ರಿ ಎಂದುಕೊಂಡರೆ 480. ಅಂದರೆ ಮನೆಗೆ ಹೋಗುವ ದುಡ್ಡಿನಲ್ಲಿ 3,120 ಕಡಿಮೆ. ಅದು ಬೈಕಿನ ಕಂತು ಅಥವಾ ಚೀಟಿ ದುಡ್ಡು. ‘ನಿಮಗೆ ನೈಟ್ ಅಲೋಯನ್ಸ್ ಸಿಗುತ್ತೆ’ ಎಂದು ಖುಷಿಯಿಂದ ಹೇಳುವ ಸೂಪರ್‌ವೈಸರ್ ಈ ಕಳೆಯುವ ಲೆಕ್ಕವನ್ನು ಮಾಡಿಲ್ಲ. ಎದುರಿಗೆ ನಿಂತವರು ಆಗಲೇ ಮಾಡಿ ಮುಗಿಸಿರುತ್ತಾರೆ.

ಹೊತ್ತು. ಕಾರ್ಖಾನೆಯ ಎಂಟು ಗಂಟೆಗೆ ದಾರಿಯನ್ನು ಸೇರಿಸಿ. ಶ್ರೀನಿವಾಸಪುರ ಅಥವಾ ಚಿಂತಾಮಣಿ ಕಡೆಯ ಹಳ್ಳಿಯಿಂದ ನರಸಾಪುರಕ್ಕೆ ಬರುವವರಿಗೆ 6 ಗಂಟೆಯ ಪಾಳಿ ಎಂದರೆ 4ಕ್ಕೆ ಎದ್ದು, ಕತ್ತಲಲ್ಲೇ ಸ್ಟಾಪಿಗೆ ನಡೆಯಬೇಕು. ಮನೆಯಲ್ಲಿ ಎರಡು ಹಸು ಇದ್ದರೆ ಬೆಳಗ್ಗೆ ಡೈರಿಗೆ ಹಾಲು ಹಾಕುವುದು ಯಾರು? ನಮ್ಮ ಜಿಲ್ಲೆಗಳಲ್ಲಿ ಕಾರ್ಖಾನೆಗೆ ಬರುವ ಎಷ್ಟೋ ಮನೆಗಳಿಗೆ ಹಾಲಿನ ಬಟವಾಡೆಯೇ ಎರಡನೇ ಸಂಬಳ. ಬೆಳಗಿನ ಹಾಲು ತಪ್ಪಿದರೆ ಅದೂ ನಷ್ಟದ ಕಾಲಮಿಗೇ ಸೇರುತ್ತದೆ. ಶಿಡ್ಲಘಟ್ಟದ ಕಡೆಯವರಾದರೆ ರೇಷ್ಮೆ ಹುಳುವಿಗೆ ಸೊಪ್ಪು ಹಾಕುವ ಹೊತ್ತು, ನವೆಂಬರ್ ಡಿಸೆಂಬರಿನಲ್ಲಿ ರಾಗಿ ಕೊಯ್ಲು, ಶ್ರೀನಿವಾಸಪುರದವರಿಗೆ ಮೇ, ಜೂನ್‌ನಲ್ಲಿ ಮಾವು. ಇವನ್ನು ‘ಪರ್ಸನಲ್ ವಿಷಯ’ ಎಂದು ಪಕ್ಕಕ್ಕಿಟ್ಟರೆ ಆ ವಾರಗಳಲ್ಲಿ ಲೈನಿನ ಮೇಲೆ ಜನ ಇರುವುದಿಲ್ಲ.

ಮನೆ. ಮಗುವನ್ನು ಶಾಲೆಯಿಂದ ಕರೆತರುವವರು, ಹಾಸಿಗೆ ಹಿಡಿದ ಅತ್ತೆಗೆ ಊಟ ಕೊಡುವವರು, ಗಂಡನೂ ಹೆಂಡತಿಯೂ ಪಾಳಿಯಲ್ಲೇ ಇರುವ ಮನೆ. ಪಿಜಿಯಲ್ಲಿರುವ ಹೆಣ್ಣುಮಕ್ಕಳಿಗೆ ರಾತ್ರಿ 10ರ ನಂತರ ಗೇಟ್ ತೆರೆಯುತ್ತಾರೋ ಇಲ್ಲವೋ, ಅದನ್ನೂ ಬರೆದುಕೊಳ್ಳಿ.

ಸ್ಥಾನ ಮತ್ತು ಜೊತೆ. ಇದು ಕಣ್ಣಿಗೆ ಕಾಣದ ನಷ್ಟ. ಹತ್ತು ವರ್ಷದಿಂದ ಹಳೆಯ ಮೆಶಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ ಹಿರಿಯರು ಹೊಸ ಮೆಶಿನ್ನಿನ ಮುಂದೆ ಹೊಸಬರಾಗುತ್ತಾರೆ. ಒಟ್ಟಿಗೆ ಬುತ್ತಿ ಬಿಚ್ಚುತ್ತಿದ್ದ ನಾಲ್ವರು ಮೂರು ಪಾಳಿಗೆ ಹಂಚಿಹೋಗುತ್ತಾರೆ. ಇಂಥವರ ಹೆಸರಿನ ಮುಂದೆ ಒಂದು ಗುರುತು ಹಾಕಿ, ನಾಲ್ಕನೇ ಹಂತದಲ್ಲಿ ಮೊದಲು ಮಾತಾಡಬೇಕಾದವರು ಇವರು.

ಒಬ್ಬರಿಗೆ 15 ನಿಮಿಷದಂತೆ 18 ಜನಕ್ಕೆ ನಾಲ್ಕೂವರೆ ಗಂಟೆ. ಎರಡು ಸಂಜೆಯಲ್ಲಿ ಮುಗಿಯುತ್ತದೆ. ಯಾರ ಪುಟವಾದರೂ ಖಾಲಿ ಉಳಿದರೆ ಅವರಿಗೆ ನಷ್ಟವಿಲ್ಲ ಎಂದುಕೊಳ್ಳಬೇಡಿ, ಅವರ ಬಗ್ಗೆ ನಿಮಗೇನೂ ಗೊತ್ತಿಲ್ಲ ಎಂದು ಓದಿಕೊಳ್ಳಿ.

## ಹಂತ 3: ಎಲ್ಲರಿಗೂ ಒಂದೇ ದಿನ ತಿಳಿಸಿ

ಸುದ್ದಿ ನಿಮ್ಮ ಬಾಯಿಂದ ಬರುವ ಮುಂಚೆ ಬಸ್ಸಿನಲ್ಲಿ ಬರಬಾರದು. ಮೇಲಿನವರ ಒಪ್ಪಿಗೆ ಸಿಕ್ಕಿದ 24 ಗಂಟೆಯೊಳಗೆ ಇಡೀ ಟೀಮಿಗೆ, ಕಾಂಟ್ರಾಕ್ಟ್ ಮೇಲಿರುವವರನ್ನೂ ಸೇರಿಸಿ, ಎದುರಿಗೆ ನಿಂತು ಹೇಳಿ. ರಜೆಯಲ್ಲಿದ್ದವರಿಗೆ ಅದೇ ದಿನ ಫೋನ್ ಮಾಡಿ. ವಾಟ್ಸಾಪ್ ಗ್ರೂಪಿನಲ್ಲಿ ಹಾಕುವುದು ಹೇಳಿದ ಮೇಲೆ, ನೆನಪಿಗಾಗಿ ಮಾತ್ರ.

15 ನಿಮಿಷ ಸಾಕು. ಮೂರು ಕಾಲಮಿನ ಹಾಳೆಯನ್ನೇ ಓದಿ. ಕಾರಣವನ್ನು ನೇರವಾಗಿ ಹೇಳಿ: ಆರ್ಡರ್ ಹೆಚ್ಚಿದೆ, ಅಥವಾ ಖರ್ಚು ಇಳಿಸಬೇಕಾಗಿದೆ. ಖರ್ಚು ಇಳಿಸುವುದೇ ಕಾರಣವಾಗಿರುವಾಗ ‘ನಿಮ್ಮ ಒಳ್ಳೇದಕ್ಕೇ’ ಎನ್ನಬೇಡಿ. ಕೋಲಾರದ ಲೈನಿನಲ್ಲಿ ಕನ್ನಡದ ಜೊತೆಗೆ ತೆಲುಗಿನವರು, ಒಡಿಶಾ, ಜಾರ್ಖಂಡ್, ಬಿಹಾರದಿಂದ ಬಂದ ಹಿಂದಿಯವರೂ ಇರುತ್ತಾರೆ. ತಾರೀಖು, ದುಡ್ಡು, ಬಸ್ ಈ ಮೂರನ್ನು ಅವರವರ ಭಾಷೆಯಲ್ಲಿ ಹೇಳಿಸಿ, ತಿರುಗಿ ಅವರ ಬಾಯಿಂದಲೇ ಹೇಳಿಸಿಕೊಳ್ಳಿ.

ಗೊತ್ತಿಲ್ಲದ ಪ್ರಶ್ನೆ ಬಂದರೆ ಹೀಗೆ ಹೇಳಬಹುದು: “ಅದು ನನಗೂ ಇನ್ನೂ ಗೊತ್ತಿಲ್ಲ. ಬುಧವಾರ ಮಧ್ಯಾಹ್ನ ಊಟದ ಹೊತ್ತಿಗೆ ಕೇಳ್ಕೊಂಡು ಬಂದು ಹೇಳ್ತೀನಿ. ಉತ್ತರ ಸಿಗದೇ ಇದ್ರೆ ಸಿಕ್ಕಿಲ್ಲ ಅಂತಾದ್ರೂ ಹೇಳ್ತೀನಿ.” ಬುಧವಾರ ತಪ್ಪದೆ ಹೋಗಿ. ಆ ಒಂದು ಬುಧವಾರದ ಮೇಲೆ ಮುಂದಿನ ಮೂರು ತಿಂಗಳು ನಿಂತಿರುತ್ತದೆ.

ಈ ಹಂತದ ದೊಡ್ಡ ತಪ್ಪು ಭರವಸೆ. ‘ಯಾರ ಕೆಲಸವೂ ಹೋಗಲ್ಲ, ನಾನಿದ್ದೀನಿ’ ಎಂಬ ಮಾತು ನಿಮ್ಮ ಕೈಲಿಲ್ಲದಿದ್ದರೆ ಅದನ್ನು ಆಡಬೇಡಿ, ಎದುರಿಗಿರುವವರು ಅಳುತ್ತಿದ್ದರೂ ಸರಿ.

## ಹಂತ 4: ಒಬ್ಬೊಬ್ಬರ ಜೊತೆ 12 ನಿಮಿಷ

ಮೀಟಿಂಗಿನಲ್ಲಿ ಕೈ ಎತ್ತುವವರು ಮೂರ್ನಾಲ್ಕು ಜನ. ಉಳಿದವರ ಮಾತು ಕ್ಯಾಂಟೀನಿನಲ್ಲಿ, ಬಸ್ಸಿನಲ್ಲಿ ಹೊರಬರುತ್ತದೆ. ಅದು ನಿಮ್ಮ ಎದುರೇ ಬರಬೇಕಾದರೆ ಮರುದಿನದಿಂದಲೇ ದಿನಕ್ಕೆ ನಾಲ್ಕೈದು ಜನರಂತೆ ನಾಲ್ಕು ದಿನದಲ್ಲಿ ಎಲ್ಲರನ್ನೂ ಕೂರಿಸಿ ಮಾತಾಡಿ. ಗುರುತು ಹಾಕಿದ ಹಿರಿಯರು ಮೊದಲು, ತೀರಾ ಮಾತು ಕಡಿಮೆಯವರು ನಂತರ, ಜೋರು ಬಾಯಿಯವರು ಕೊನೆಗೆ. ಶಿಫ್ಟ್ ಮುಗಿದ ಮೇಲೆ ಕರೆಯಬೇಡಿ, ಬಸ್ ತಪ್ಪುವ ಆತುರದಲ್ಲಿ ಯಾರೂ ನಿಜ ಹೇಳುವುದಿಲ್ಲ. ಕೆಲಸದ ಹೊತ್ತಿನಲ್ಲೇ, ಬದಲಿ ಆಪರೇಟರ್ ನಿಲ್ಲಿಸಿ ಕರೆಯಿರಿ.

ಶುರು ಮಾಡುವ ರೀತಿ: “ಅಕ್ಕ, ಶಿಫ್ಟ್ ವಿಷ್ಯ ನಿನ್ನೆ ಹೇಳಿದ್ನಲ್ಲ. ಇದ್ರಿಂದ ನಿಮ್ಮನೇಲಿ ಏನೇನು ಎಡವಟ್ಟಾಗುತ್ತೆ ಅಂತ ನಿಮ್ಮ ಬಾಯಿಂದ ಕೇಳ್ಬೇಕು. ಎಲ್ಲಾನೂ ಸರಿ ಮಾಡ್ತೀನಿ ಅಂತ ಹೇಳಲ್ಲ, ಆದ್ರೆ ಬರ್ಕೊಂಡು ಒಂದೊಂದಕ್ಕೂ ಉತ್ತರ ಕೊಡ್ತೀನಿ.” ಆಮೇಲೆ ಸುಮ್ಮನಿರಿ. ಮೊದಲು ಬರುವ ಉತ್ತರ ‘ಏನಿಲ್ಲ ಸರ್, ಅಡ್ಜಸ್ಟ್ ಮಾಡ್ಕೊತೀವಿ’ ಎಂದಿರುತ್ತದೆ. ಅದನ್ನು ಒಪ್ಪಿಗೆ ಎಂದು ಬರೆದುಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಬಸ್ ಎಷ್ಟೊತ್ತಿಗೆ ಹತ್ತುತ್ತೀರಿ, ಹಸು ಯಾರು ನೋಡುತ್ತಾರೆ, ಚೀಟಿ ಎಷ್ಟು ಕಟ್ಟುತ್ತೀರಿ ಎಂದು ಒಂದೊಂದಾಗಿ ಕೇಳಿದರೆ ಮಾತು ತೆರೆಯುತ್ತದೆ. ಎರಡನೇ ಹಂತದಲ್ಲಿ ಬರೆದದ್ದನ್ನು ಇಲ್ಲಿ ತಿದ್ದಿಕೊಳ್ಳಿ. ಅರ್ಧದಷ್ಟಾದರೂ ತಪ್ಪಾಗಿರುತ್ತದೆ.

ಎದ್ದುಹೋಗುವ ಮುಂಚೆ ಒಂದೇ ಒಂದು ವಿಷಯಕ್ಕೆ, ‘ಇದನ್ನು ಇಂಥ ದಿನದೊಳಗೆ ನೋಡುತ್ತೇನೆ’ ಎಂದು ತಾರೀಖು ಕೊಡಿ. ಐದಕ್ಕೆ ಕೊಟ್ಟರೆ ನಾಲ್ಕು ಮರೆಯುತ್ತೀರಿ.

ಮಾತಿನ ನಡುವೆ ಲೈಂಗಿಕ ಕಿರುಕುಳದ ದೂರು ಬಂದರೆ ಅದು ನೀವು ಕೂರಿಸಿ ರಾಜಿ ಮಾಡುವ ವಿಷಯವಲ್ಲ. 2013ರ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ಜನರಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಅಲ್ಲಿಗೆ ಹೋಗಲು ಜೊತೆಗಿರಿ.

## ಹಂತ 5: ಪಾಳಿಪಟ್ಟಿಯನ್ನು ಟೀಮಿನ ಜೊತೆ ಕೂತು ಮಾಡಿ

1979ರಲ್ಲಿ ರಾಬರ್ಟ್ ಕರಾಸೆಕ್ ಎಂಬ ಸಂಶೋಧಕ ಮುಂದಿಟ್ಟ ವಿಚಾರ ಇಂದಿಗೂ ಕೆಲಸಕ್ಕೆ ಬರುತ್ತದೆ: ಕೆಲಸದ ಹೊರೆ ಹೆಚ್ಚಿದ್ದು, ಆ ಕೆಲಸದ ಮೇಲೆ ತನ್ನ ಹಿಡಿತ ಕಡಿಮೆ ಇರುವಲ್ಲಿ ಒತ್ತಡ ಅತಿ ಹೆಚ್ಚು. ಹೊರೆ ಇಳಿಸುವುದು ಸೂಪರ್‌ವೈಸರ್ ಕೈಲಿ ಇರುವುದಿಲ್ಲ, ಹಿಡಿತ ಕೊಡುವುದು ಸ್ವಲ್ಪವಾದರೂ ಇರುತ್ತದೆ. ಮೊದಲ ಹಂತದ ಮೂರನೇ ಕಾಲಂ ಇದಕ್ಕಾಗಿ.

ಪಟ್ಟಿ ಮಾಡುವಾಗ ಮುರಿಯಬಾರದ ಕೆಲವು ಕಟ್ಟುಪಾಡುಗಳಿವೆ. ಪಾಳಿ ಮುಂದಕ್ಕೆ ತಿರುಗಲಿ: ಬೆಳಗಿನದರಿಂದ ಮಧ್ಯಾಹ್ನಕ್ಕೆ, ಅಲ್ಲಿಂದ ರಾತ್ರಿಗೆ. ನಿದ್ದೆಯನ್ನು ತಡ ಮಾಡುವುದಕ್ಕೆ ದೇಹ ಒಪ್ಪಿದಷ್ಟು ಬೇಗ ಮಲಗುವುದಕ್ಕೆ ಒಪ್ಪುವುದಿಲ್ಲ, ಹಿಂದಕ್ಕೆ ತಿರುಗಿಸಿದರೆ ದಣಿವು ಹೆಚ್ಚು. ಎರಡು ಪಾಳಿಗಳ ನಡುವೆ 11 ಗಂಟೆಯಾದರೂ ಬಿಡುವಿರಲಿ. ರಾತ್ರಿ 10ಕ್ಕೆ ಬಿಟ್ಟವರನ್ನು ಬೆಳಗ್ಗೆ 6ಕ್ಕೆ ಕರೆದರೆ ಕಾಗದದ ಮೇಲೆ ಎಂಟು ಗಂಟೆ ಕಾಣುತ್ತದೆ. ಮನೆ ಸೇರುವುದು 11.30ಕ್ಕೆ, ಏಳುವುದು 4ಕ್ಕೆ, ಉಂಡು ಮಲಗಿದರೆ ನಿದ್ದೆ ನಾಲ್ಕು ಗಂಟೆಯೂ ಇಲ್ಲ. ಅದರ ಮರುದಿನವೇ ಬೆರಳು ಸಿಕ್ಕಿಹಾಕಿಕೊಳ್ಳುವುದು.

ಬೆಳಗಿನ ಜಾವ 3ರಿಂದ 5ರವರೆಗೆ ಎಚ್ಚರ ತೀರಾ ಕುಸಿಯುವ ಹೊತ್ತು. ಡೈ (ಮೆಶಿನ್ನಿನ ಅಚ್ಚು) ಬದಲಿಸುವುದು, ಮೆಶಿನ್ ಒಳಗೆ ಕೈ ಹಾಕುವ ರಿಪೇರಿ, ಹೊಸ ಬ್ಯಾಚಿನ ಮೊದಲ ಪೀಸ್ ಒಪ್ಪುವುದು ಇವನ್ನು ಆ ಹೊತ್ತಿಗೆ ಇಡಬೇಡಿ. ಬಿಡುವಿನಲ್ಲಿ 20 ನಿಮಿಷ ಕಣ್ಣು ಮುಚ್ಚಲು ಬೆಂಚು ಬಿಟ್ಟುಕೊಡಿ, ಮಲಗಿದ್ದಕ್ಕೆ ಮೆಮೊ ಕೊಡುವುದಕ್ಕಿಂತ ಇದು ಲೈನಿಗೆ ಲಾಭ.

ಈ ಚೌಕಟ್ಟಿನೊಳಗೆ ಯಾರು ಯಾರ ಜೊತೆ, ಯಾರಿಗೆ ಯಾವ ರಜೆ ಎಂಬುದನ್ನು ಟೀಮ್ ತಾನೇ ತುಂಬಲಿ. ಬಿಳಿ ಹಲಗೆಯ ಮೇಲೆ ಖಾಲಿ ಪಟ್ಟಿ ಬರೆದು ಎರಡು ದಿನ ಬಿಡಿ. ಅದಲುಬದಲಿಗೆ ನಿಯಮ ಒಂದೇ: ಇಬ್ಬರೂ ಒಪ್ಪಿ, 24 ಗಂಟೆ ಮುಂಚೆ ಹೇಳಿ, ಇಬ್ಬರಿಗೂ ಆ ಮೆಶಿನ್ ಗೊತ್ತಿರಬೇಕು. ಯುಗಾದಿ, ಹೊಸತೊಡಕು, ಶಿವರಾತ್ರಿಗೆ ಸಿದ್ಧಗಂಗೆ ಜಾತ್ರೆ, ಕೋಲಾರದ ಕರಗ, ರಂಜಾನ್ ಇವುಗಳ ರಾತ್ರಿ ಪಾಳಿ ಯಾರದೆಂದು ಮೊದಲೇ ನಿರ್ಧಾರವಾಗಲಿ. ಹೋದ ವರ್ಷ ಮಾಡಿದವರಿಗೆ ಈ ವರ್ಷ ಬಿಡುವು. ಹೊಸಬರನ್ನೋ ಹೊರರಾಜ್ಯದವರನ್ನೋ ಪ್ರತಿ ಹಬ್ಬಕ್ಕೂ ತಳ್ಳುವುದು ಅನ್ಯಾಯ, ಅದು ಹಲಗೆಯ ಮೇಲೆ ಎಲ್ಲರಿಗೂ ಕಾಣುತ್ತದೆ ಕೂಡ.

## ಹಂತ 6: ಮೊದಲ ಮೂರು ವಾರ ಟಾರ್ಗೆಟ್ ಇಳಿಸಿ

ಹೊಸ ಪಾಳಿ, ಹೊಸ ಜೊತೆ, ಹೊಸ ನಿದ್ದೆ. ಇದರ ಮೇಲೆ ಹಳೆಯ ಟಾರ್ಗೆಟ್ ಹೇರಿದರೆ ಜನ ವೇಗ ತರಲು ಚೆಕ್ಕಿಂಗ್ ಬಿಡುತ್ತಾರೆ. ಮೊದಲ ವಾರ 70, ಎರಡನೆಯದು 85, ಮೂರನೆಯದು 95 ಪ್ರತಿಶತ ಎಂದು ಮ್ಯಾನೇಜರ್ ಹತ್ತಿರ ಮೊದಲೇ ಒಪ್ಪಿಸಿ. ಒಪ್ಪದಿದ್ದರೆ ಹೋದ ಸಲದ ಬದಲಾವಣೆಯಲ್ಲಿ ಆದ ರೀವರ್ಕ್ (ತಪ್ಪಾದ ಪೀಸನ್ನು ಮತ್ತೆ ಸರಿಮಾಡುವ ಕೆಲಸ) ಗಂಟೆಗಳ ಲೆಕ್ಕ ಮುಂದಿಡಿ. ಮೇಲಿನವರು ಕನಿಕರಕ್ಕಿಂತ ರೀವರ್ಕ್ ಲೆಕ್ಕವನ್ನು ಬೇಗ ಕೇಳುತ್ತಾರೆ.

ಪಾಳಿ ಕೈ ಬದಲಾಯಿಸುವಾಗ 10 ನಿಮಿಷ ಇಬ್ಬರು ಲೀಡರ್‌ಗಳೂ ಮೆಶಿನ್ ಹತ್ತಿರ ನಿಂತು ಮಾತಾಡಲೇಬೇಕು. ಮೂರು ಪಾಳಿ ಬಂದಾಗ ‘ಅವರು ಮಾಡಿದ್ದು’ ಎಂಬ ಮಾತು ಹುಟ್ಟುವುದು ಈ ಸಂದಿಯಲ್ಲಿ. ಮೊದಲ ಎರಡು ವಾರದಲ್ಲಿ ನೀವೂ ಮೂರು ರಾತ್ರಿಯಾದರೂ ಪೂರ್ತಿ ಇರಿ. ಕ್ಯಾಂಟೀನಿನಲ್ಲಿ 1 ಗಂಟೆಗೆ ಏನು ಉಳಿದಿರುತ್ತದೆ, ಶೌಚಾಲಯದಲ್ಲಿ ದೀಪವಿದೆಯೇ, ಬೆಳಗಿನ ಬಸ್ ನಿಜಕ್ಕೂ 6.15ಕ್ಕೆ ಹೊರಡುತ್ತದೆಯೇ ಎಂಬುದು ಹಗಲು ಹೊತ್ತು ಕೇಳಿದರೆ ತಿಳಿಯುವುದಿಲ್ಲ.

## ಹಂತ 7: ಮೊದಲ ಸಂಬಳದ ದಿನ

ಇಡೀ ಬದಲಾವಣೆಯಲ್ಲಿ ಅತಿ ಅಪಾಯದ ದಿನ ಇದು. ಹೊಸ ಪಾಳಿ, ಹೊಸ ಭತ್ಯೆ, ಕೆಲವೊಮ್ಮೆ ಹೊಸ ಹಾಜರಾತಿ ಸಾಫ್ಟ್‌ವೇರ್, ಎಲ್ಲದರ ತಪ್ಪೂ ಒಟ್ಟಿಗೆ ಬಂದು ಒಂದು ಪೇ ಸ್ಲಿಪ್ಪಿನ ಮೇಲೆ ಬೀಳುತ್ತದೆ. 2020ರ ಡಿಸೆಂಬರ್ 12ರಂದು ನರಸಾಪುರದ ಐಫೋನ್ ಜೋಡಣೆ ಕಾರ್ಖಾನೆಯಲ್ಲಿ ನಡೆದ ಗಲಭೆಯ ಬಗ್ಗೆ ಕಾರ್ಖಾನೆಗಳ ಇಲಾಖೆ ಕೊಟ್ಟ ವರದಿಯನ್ನು ಈ ಜಿಲ್ಲೆಯ ಪ್ರತಿ ಸೂಪರ್‌ವೈಸರ್ ನೆನಪಿಡಬೇಕು. ಎಂಟು ಗಂಟೆಯ ಪಾಳಿ 12 ಗಂಟೆಗೆ ಬದಲಾಗಿತ್ತು, ಹಾಜರಾತಿ ವ್ಯವಸ್ಥೆ ಕೆಟ್ಟು ಸರಿಯಾಗಿರಲಿಲ್ಲ, ಸಂಬಳದಲ್ಲಿ ವ್ಯತ್ಯಾಸ ಬಂದಿತ್ತು, 5,000 ಇದ್ದ ಕಾರ್ಮಿಕರ ಸಂಖ್ಯೆ ಸ್ವಲ್ಪವೇ ಕಾಲದಲ್ಲಿ 10,500 ಆಗಿತ್ತು, ಅದಕ್ಕೆ ತಕ್ಕ ಎಚ್‌ಆರ್ ವಿಭಾಗ ಇರಲಿಲ್ಲ. ಈ ಸಂಗತಿಗಳಲ್ಲಿ ಯಾವುದೂ ಒಂದು ದಿನದಲ್ಲಿ ಹುಟ್ಟಿದ್ದಲ್ಲ.

ರಾತ್ರಿ ಪಾಳಿಯಲ್ಲಿ ಆಗುವ ಸಾಮಾನ್ಯ ದೋಷ ಇದು. ಬರುವ ಪಂಚ್ ಒಂದು ತಾರೀಖಿನ ರಾತ್ರಿ 10ಕ್ಕೆ, ಹೋಗುವ ಪಂಚ್ ಮರುದಿನ ಬೆಳಗ್ಗೆ 6ಕ್ಕೆ. ಸಾಫ್ಟ್‌ವೇರನ್ನು ಸರಿಯಾಗಿ ಹೊಂದಿಸದಿದ್ದರೆ ಎರಡೂ ದಿನ ‘ಒಂದೇ ಪಂಚ್’ ಎಂದು ತೋರಿಸಿ ಗೈರುಹಾಜರಿ ಹಾಕುತ್ತದೆ. ಎಂಟು ರಾತ್ರಿ ದುಡಿದವರಿಗೆ ಎಂಟು ದಿನದ ಸಂಬಳ ಕಡಿತ. ಇದನ್ನು ತಿಂಗಳ ಕೊನೆಗೆ ಕಂಡುಹಿಡಿದರೆ ತಡವಾಯಿತು.

ಆದ್ದರಿಂದ ಕ್ರಮ ಹೀಗಿರಲಿ. ಪ್ರತಿ ಶನಿವಾರ ವಾರದ ಹಾಜರಾತಿ ಪ್ರಿಂಟ್ ತೆಗೆದು ಒಬ್ಬೊಬ್ಬರಿಗೂ ತೋರಿಸಿ ಸಹಿ ಹಾಕಿಸಿ. ತಪ್ಪಿದ್ದರೆ ಸೋಮವಾರದೊಳಗೆ ತಿದ್ದಿಸಿ. ಸಂಬಳ ಬ್ಯಾಂಕಿಗೆ ಹೋಗುವ ಎರಡು ದಿನ ಮುಂಚೆ ಐದು ಜನರ ಪೇ ಸ್ಲಿಪ್ಪನ್ನು ಕೈಯಲ್ಲೇ ಲೆಕ್ಕ ಹಾಕಿ ತಾಳೆ ನೋಡಿ: ಒಬ್ಬರು ಹೆಚ್ಚು ರಾತ್ರಿ ಮಾಡಿದವರು, ಒಬ್ಬರು ಪಾಳಿ ಅದಲುಬದಲು ಮಾಡಿಕೊಂಡವರು, ಒಬ್ಬರು ರಜೆ ಹಾಕಿದವರು, ಇಬ್ಬರು ಕಾಂಟ್ರಾಕ್ಟ್ ಮೇಲಿರುವವರು. 2019ರ ವೇತನ ಸಂಹಿತೆಯಂತೆ ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಸೇರಬೇಕು. ಕಾಂಟ್ರಾಕ್ಟರ್ ಅದನ್ನು ಮೀರುವ ಸೂಚನೆ ಕಂಡರೆ 5ನೇ ತಾರೀಖೇ ಎಚ್‌ಆರ್‌ಗೆ ಬರೆದು ತಿಳಿಸಿ.

ಸಂಬಳದ ದಿನ ನೀವು ರಜೆ ಹಾಕಬೇಡಿ. ಪಾಳಿ ಮುಗಿಯುವ ಹೊತ್ತಿಗೆ ಮೇಜು ಹಾಕಿ ಕೂತು, ಸ್ಲಿಪ್ ತಂದವರ ಲೆಕ್ಕ ನೋಡಿ, ತಪ್ಪಿದ್ದರೆ ಮೊತ್ತ ಮತ್ತು ಸರಿಹೋಗುವ ದಿನ ಎರಡನ್ನೂ ಚೀಟಿಯಲ್ಲಿ ಬರೆದು ಕೊಡಿ. ‘ಮುಂದಿನ ತಿಂಗಳ ಸಂಬಳದಲ್ಲಿ ಸೇರ್ಸ್ತಾರೆ’ ಎಂಬುದು ಬಾಡಿಗೆ ಕಟ್ಟಬೇಕಾದವರಿಗೆ ಉತ್ತರವೇ ಅಲ್ಲ. 48 ಗಂಟೆಯೊಳಗೆ ಮುಂಗಡ ಕೊಡಿಸುವ ಒಪ್ಪಿಗೆಯನ್ನು ಮೊದಲೇ ಪಡೆದಿರಿ.

## ಹಂತ 8: ಅಪಾಯದ ಗುರುತುಗಳನ್ನು ಓದಿ

ಟೀಮಿನ ಮಟ್ಟದಲ್ಲಿ ಮೊದಲು ಕಾಣುವುದು ಸೋಮವಾರದ ಗೈರುಹಾಜರಿ ಮತ್ತು ಒಂದೇ ದಿನದ ರಜೆಗಳು. ಆಮೇಲೆ ಪಾಳಿಯ ಕೊನೆಯ ಗಂಟೆಯ ರಿಜೆಕ್ಷನ್. ಮೂರನೆಯದು ಸದ್ದಿಲ್ಲದ ಗುರುತು: ತಮಾಷೆ ನಿಲ್ಲುತ್ತದೆ, ನೀವು ಹತ್ತಿರ ಹೋದಾಗ ಮಾತು ನಿಲ್ಲುತ್ತದೆ, ಮೀಟಿಂಗಿನಲ್ಲಿ ಯಾರೂ ಏನೂ ಕೇಳುವುದಿಲ್ಲ. ‘ಈಗ ಎಲ್ಲ ಸೆಟ್ ಆಗಿದೆ’ ಎಂದು ಮೋಸಹೋಗುವುದು ಇಲ್ಲೇ. ದೂರು ಬರುತ್ತಿರುವಷ್ಟು ಕಾಲ ನಿಮ್ಮ ಮೇಲೆ ನಂಬಿಕೆ ಇದೆ ಎಂದೇ ತಿಳಿಯಿರಿ.

ಎರಡು ವಾರಕ್ಕೊಮ್ಮೆ ತಾಳೆ ನೋಡಲು ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಇಲಾಖೆ ಬಳಸುವ ಆರು ತಲೆಬರಹಗಳು ಸಾಕು: ಹೊರೆ, ಹಿಡಿತ, ಬೆಂಬಲ, ಸಂಬಂಧ, ಪಾತ್ರ, ಬದಲಾವಣೆ. ಪ್ರತಿಯೊಂದಕ್ಕೂ ಒಂದು ಪ್ರಶ್ನೆ. ಕೆಲಸ ಹೊತ್ತಿನೊಳಗೆ ಮುಗಿಯುತ್ತಿದೆಯೇ, ಪಾಳಿ ಬದಲಿಸಿಕೊಳ್ಳಲು ಆಗುತ್ತಿದೆಯೇ, ಸಿಕ್ಕಿಕೊಂಡಾಗ ಯಾರನ್ನು ಕರೆಯುತ್ತೀರಿ, ಯಾರಾದರೂ ಒರಟಾಗಿ ನಡೆಯುತ್ತಿದ್ದಾರೆಯೇ, ನಿಮ್ಮ ಕೆಲಸ ಎಲ್ಲಿಗೆ ಮುಗಿಯುತ್ತದೆ ಎಂದು ಗೊತ್ತೇ, ಮುಂದೆ ಏನು ಬರುತ್ತದೆ ಎಂದು ಗೊತ್ತೇ. ಆರರಲ್ಲಿ ಯಾವುದಕ್ಕೆ ಐದಾರು ಜನ ಒಂದೇ ಉತ್ತರ ಕೊಡುತ್ತಾರೋ ಮೊದಲು ಅದನ್ನು ಹಿಡಿಯಿರಿ.

ಒಬ್ಬ ವ್ಯಕ್ತಿಯಲ್ಲಿ ನೋಡಬೇಕಾದ್ದು ಕೆಲಸದ ಒತ್ತಡದಿಂದ ಬರುವ ಬಳಲಿಕೆ (ಬರ್ನ್‌ಔಟ್). ಅದರ ಗುರುತನ್ನು ವಿಶ್ವ ಆರೋಗ್ಯ ಸಂಸ್ಥೆ ಮೂರಾಗಿ ಹೇಳುತ್ತದೆ: ತೀರದ ದಣಿವು, ಕೆಲಸದಿಂದ ಮನಸ್ಸು ದೂರ ಸರಿಯುವುದು, ಮೊದಲಿನಂತೆ ಕೆಲಸ ಮಾಡಲಾಗದಿರುವುದು. ಇವು ಎರಡು ವಾರ ಬಿಡದೆ ಕಂಡರೆ ಪ್ರತ್ಯೇಕವಾಗಿ ಕರೆದು ಕಂಡದ್ದನ್ನಷ್ಟೇ ಹೇಳಿ: “ಎರಡು ವಾರದಿಂದ ನೀವು ಊಟಕ್ಕೆ ಬರ್ತಿಲ್ಲ ಅಣ್ಣ, ನಿನ್ನೆ ಮೂರು ಪೀಸ್ ತಪ್ಪು ಕೂರಿಸಿದ್ರಿ, ಇದು ನೀವಲ್ಲ. ಏನಾಗಿದೆ?” ಸಲಹೆ ಕೊಡಲು ಹಾತೊರೆಯಬೇಡಿ. ಆಗಿಂದಾಗಲೇ ಮಾಡಬಹುದಾದದ್ದನ್ನು ಮಾಡಿ: ಒಂದು ವಾರ ರಾತ್ರಿ ಪಾಳಿಯಿಂದ ಬಿಡುವು, ಅಪಾಯದ ಮೆಶಿನ್ನಿನಿಂದ ಬದಲಿ.

ಸಾಯುವ ಮಾತು ಬಂದರೆ, ‘ನಾನಿಲ್ಲದಿದ್ರೆ ಮನೆಯವರಿಗೆ ನೆಮ್ಮದಿ’ ಎನ್ನುವಂಥ ಸುತ್ತುಮಾತಾದರೂ ಸರಿ, ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅವರನ್ನು ಒಬ್ಬರೇ ಬಿಡಬೇಡಿ, ಅವರಿಗೆ ತಿಳಿಸಿಯೇ ಮನೆಯವರನ್ನು ಕರೆಸಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಕನ್ನಡದಲ್ಲೂ ಉಚಿತವಾಗಿ ಸಿಗುತ್ತದೆ. ನಿಮ್ಮ ಫೋನಿನಿಂದಲೇ ಹಚ್ಚಿ ಕೈಗೆ ಕೊಡಿ. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋಗಲು ಸಂಬಳ ಕಡಿತವಿಲ್ಲದ ರಜೆ ಮಾಡಿಸಿ. ಕೇಳಿದ್ದನ್ನು ಲೈನಿನಲ್ಲಿ ಯಾರಿಗೂ ಹೇಳಬೇಡಿ, ಒಳ್ಳೆಯ ಉದ್ದೇಶಕ್ಕೂ ಬೇಡ.

## ಹಂತ 9: ನಿಮ್ಮ ಹೊರೆಯನ್ನೂ ಪುಟದ ಮೇಲೆ ಇಡಿ

ಮೇಲಿನಿಂದ ಟಾರ್ಗೆಟ್, ಕೆಳಗಿನಿಂದ ಸಿಟ್ಟು. ನಡುವೆ ನಿಂತವರು ಇಬ್ಬರಿಗೂ ಸುಳ್ಳು ಹೇಳಲು ಶುರುಮಾಡುತ್ತಾರೆ: ಮೇಲೆ ‘ಎಲ್ಲ ಸರಿ’, ಕೆಳಗೆ ‘ಎಲ್ಲ ಸರಿಹೋಗುತ್ತೆ’. ಟೀಮ್ ಮುರಿಯುವ ಮುಂಚೆ ಸೂಪರ್‌ವೈಸರ್ ಮುರಿಯುವುದು ಹೀಗೆ. ನೋಟ್‌ಬುಕ್ಕಿನಲ್ಲಿ ನಿಮಗೂ ಎರಡು ಪುಟ ಇರಲಿ, ಅವೇ ನಾಲ್ಕು ತಲೆಬರಹ. ಮೊದಲ ತಿಂಗಳು ಸತತ ಆರು ದಿನಕ್ಕಿಂತ ಹೆಚ್ಚು ಬರಬೇಡಿ. ನಿಮ್ಮ ಬದಲಿಗೆ ನಿಲ್ಲುವವರನ್ನು ಮೊದಲ ದಿನವೇ ಹೆಸರಿಸಿ.

ವಾರಕ್ಕೊಮ್ಮೆ ಮ್ಯಾನೇಜರ್‌ಗೆ ಒಂದೇ ಪುಟ: ಗೈರುಹಾಜರಿ, ಕೊನೆಯ ಗಂಟೆಯ ರಿಜೆಕ್ಷನ್, ತಿದ್ದದೆ ಉಳಿದ ಸಂಬಳದ ತಪ್ಪುಗಳು, ಬಿಟ್ಟುಹೋದವರು, ಮೇಲಿನವರಿಂದ ಬರಬೇಕಾದ ಉತ್ತರಗಳು. ಹಳೆಯ ಮೂರು ತಿಂಗಳ ಅಂಕಿ ಪಕ್ಕದಲ್ಲೇ ಇರಲಿ.

90ನೇ ದಿನ ನೋಟ್‌ಬುಕ್ ತೆರೆದು ಒಬ್ಬೊಬ್ಬರ ಪುಟ ಓದಿ. ಸರಿಹೋದ ನಷ್ಟಕ್ಕೆ ಗೆರೆ ಎಳೆಯಿರಿ. ಉಳಿದದ್ದನ್ನು ಎರಡು ಮಾಡಿ: ಇನ್ನೂ ಆಗಬಹುದಾದದ್ದು, ಆಗದೇ ಇರುವಂಥದ್ದು. ಆಗದೇ ಇರುವುದನ್ನು ಆ ವ್ಯಕ್ತಿಯನ್ನು ಕರೆದು ಅವರ ಮುಖ ನೋಡಿ ಹೇಳಿ, ಬೆಳಗಿನ ಹಾಲಿನ ದುಡ್ಡಾಗಲಿ, ನಿಂತುಹೋದ ಓಟಿಯಾಗಲಿ. ಅವರು ಬೇರೆ ಲೈನಿಗೆ ಬದಲಿ ಕೇಳಿದರೆ ಅರ್ಜಿಗೆ ಅದೇ ದಿನ ಶಿಫಾರಸು ಬರೆದು ಕೊಡಿ.